ಮನೆಯಲ್ಲೊಂದು ನಿಸ್ತಂತು ಹವಾಮಾನ ನಿಲಯ

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿಯಲ್ಲಿ ತಮ್ಮ ಸ್ವಂತ ಮನೆಯಲ್ಲಿಯೇ ಒಂದು ಬಾನುಲಿ ನಿಲಯವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ರೂಢಿಗೆ ಬಂದದ್ದು ಆ ಮನೆಯಿಂದಲೇ ಎಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿ. ಒಬ್ಬ ಗೃಹಸ್ಥರು ತಮ್ಮ ಮನೆಯೊಳಗಿನಿಂದ ಗಾಳಿಗೆ ಮಾತನ್ನು ತೇಲಿಬಿಡುವುದು ಆ ಕಾಲಕ್ಕೆ ಸೋಜಿಗವೇ ಸರಿ. ಇಂದು ಪೇಟೆಯಲ್ಲಿ ದೊರೆಯುವ ಒಂದು ಸಣ್ಣ ಸಾಧನವನ್ನು ಕೊಂಡು ತಂದರೆ ನಿಮ್ಮ ಮನೆಯ ಹೊರಗೂ ಒಂದು ಪ್ರೇಷಕ ನಿಂತು ದುಡಿಯುತ್ತದೆ. ಸಂಗೀತ, ವಾರ್ತೆ ಯಾವುದೂ ಅದಕ್ಕೆ ಬಾರದು. ಸುಮಾರು ನಿಮಿಷಕ್ಕೊಮ್ಮೆ, "ನಾನಿರುವ ಕಡೆ ಇಷ್ಟು ಶಾಖ, ಇಷ್ಟು ತೇವ" ಎಂಬುದೊಂದೇ ಅದರ ಪ್ರಸಾರ. ಅದನ್ನು ಕೇಳುವ ಗ್ರಾಹಕ ಯಂತ್ರವು ನಿಮ್ಮ ನಡುಮನೆಯ ಮೇಜಿನ ಮೇಲೆ ಕುಳಿತು, ಕೇಳಿದ್ದನ್ನು ಅಂಕಿಗಳಲ್ಲಿ ತೋರಿಸುತ್ತದೆ.

ಇದಕ್ಕೆ ಮನೆಯ ಹವಾಮಾನ ನಿಲಯವೆಂದು ಹೆಸರು. ಹೊರಗಿಡುವ ಪುಟ್ಟ ಡಬ್ಬಿಗೆ ಸಂವೇದಕವೆನ್ನುತ್ತಾರೆ. ಕಳೆದ ವರ್ಷ ನನ್ನ ಮಗಳು ಇಂಥದೊಂದನ್ನು ತಂದುಕೊಟ್ಟಳು. ಉತ್ಸಾಹ ತಡೆಯಲಾರದೆ ಅಂದೇ ತಾರಸಿಗೆ ಹತ್ತಿ, ಪಕ್ಕದ ಗೋಡೆಗೆ ಮೊಳೆ ಹೊಡೆದು ಸಂವೇದಕವನ್ನು ತೂಗುಹಾಕಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೇಜಿನ ಮೇಲಿನ ಯಂತ್ರ 44 ಡಿಗ್ರಿ ತೋರಿಸಿತು! ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಕರೆದು ತೋರಿಸಿದೆ. "ನೋಡಿದಿರಾ ಸ್ವಾಮಿ, ನಮ್ಮ ಬೆಂಗಳೂರು ರಾಯಚೂರಾಗಿ ಹೋಯಿತು" ಎಂದರು ಅವರು. ಸಂಜೆಯ ವಾರ್ತೆಯಲ್ಲಿ 35 ಡಿಗ್ರಿಯೆಂದು ಹೇಳಿದಾಗ, ಇವರು ಸೆಕೆಯನ್ನು ಕಡಮೆ ಮಾಡಿ ಹೇಳುತ್ತಾರೆಂದು ನಾವಿಬ್ಬರೂ ತೀರ್ಮಾನಕ್ಕೆ ಬಂದೆವು. ಬೆಂಗಳೂರು ನಗರದ ವೀಕ್ಷಣಾಲಯದಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡದ್ದೇ ದಾಖಲೆಯಾಗಿ ಪತ್ರಿಕೆಗಳೆಲ್ಲ ಬರೆದಿದ್ದವೆಂಬುದು ಆಗ ನಮ್ಮ ನೆನಪಿಗೆ ಬರಲಿಲ್ಲ. ತಪ್ಪು ವಾರ್ತೆಯದಲ್ಲ, ನನ್ನ ಗೋಡೆಯದು.

ಉಷ್ಣಮಾಪಕವು ಯಾವುದರ ಶಾಖವನ್ನು ಅಳೆಯುತ್ತದೆ? ಗಾಳಿಯದೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಅಳೆಯುವುದು ತನ್ನ ಮೈಯ ಶಾಖವನ್ನೇ. ಬಿಸಿಲಿಗೆ ಇಟ್ಟರೆ ಸೂರ್ಯನಿಂದ ಕಾಯುತ್ತದೆ, ಸಿಮೆಂಟಿನ ಗೋಡೆಗೆ ತಾಗಿಸಿದರೆ ಗೋಡೆಯಿಂದ ಕಾಯುತ್ತದೆ. ಅದರ ಮೈಯ ಶಾಖವೂ ಸುತ್ತಲಿನ ಗಾಳಿಯ ಶಾಖವೂ ಒಂದೇ ಆಗುವಂತೆ ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಬಿಡಿಸಲು ಮನುಷ್ಯನಿಗೆ ಇನ್ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಎರಡನೆಯ ಫರ್ಡಿನಾಂಡೋ ಎಂಬ ಪ್ರಭುವಿದ್ದನು. ಅವನು 1654ರಲ್ಲಿ ಮದ್ಯಸಾರ ತುಂಬಿ ಬಾಯಿ ಬೆಸೆದ ಗಾಜಿನ ಉಷ್ಣಮಾಪಕಗಳನ್ನು ಮಾಡಿಸಿ, ತನ್ನ ಊರಿನಿಂದ ಹಿಡಿದು ದೂರದ ಪ್ಯಾರಿಸ್, ವಾರ್ಸಾಗಳವರೆಗೆ ಕಳುಹಿಸಿ, ದಿನಕ್ಕೆ ಹಲವು ಸಲ ನೋಡಿ ಬರೆದಿಡುವ ಏರ್ಪಾಡು ಮಾಡಿದನು. ಫ್ಲಾರೆನ್ಸಿನಲ್ಲಿಯೂ ವಲೊಂಬ್ರೋಸಾ ಎಂಬ ಬೆಟ್ಟದ ಮಠದಲ್ಲಿಯೂ ಎರಡೆರಡು ಉಷ್ಣಮಾಪಕಗಳನ್ನಿಟ್ಟಿದ್ದರು: ಒಂದು ಉತ್ತರಕ್ಕೆ ಮುಖವಾಗಿ, ಇನ್ನೊಂದು ದಕ್ಷಿಣಕ್ಕೆ ಮುಖವಾಗಿ. ಒಂದೇ ಕಟ್ಟಡ, ಒಂದೇ ಗಳಿಗೆ, ಆದರೂ ಎರಡರ ಅಂಕಿಗಳು ಬೇರೆ! ಇಡುವ ಜಾಗದಲ್ಲಿಯೇ ಗುಟ್ಟಿದೆಯೆಂಬುದು ಅಲ್ಲಿನ ಸಂನ್ಯಾಸಿಗಳ ದಿನಚರಿಯಲ್ಲಿಯೇ ಅಡಗಿತ್ತು.

ಮುಂದೆ 1723ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಜ್ಯೂರಿನ್ ಎಂಬಾತನು, ಎಲ್ಲ ದೇಶಗಳ ವಿದ್ವಾಂಸರೂ ಒಂದೇ ಕ್ರಮದಲ್ಲಿ ಹವೆಯನ್ನು ಗಮನಿಸಬೇಕೆಂದು ಆಹ್ವಾನ ಪತ್ರ ಹೊರಡಿಸಿದನು. ಉಷ್ಣಮಾಪಕವನ್ನು ಎಲ್ಲಿಡಬೇಕು? ಉತ್ತರದಿಕ್ಕಿನ, ಬೆಂಕಿ ಹಾಕದ ಕೋಣೆಯಲ್ಲಿ ಎಂಬುದು ಆತನ ಸಲಹೆ. ಬಿಸಿಲಿನ ಕಾಟವೇನೋ ತಪ್ಪಿತು. ಆದರೆ ಹಾಗೆ ಬರೆದಿಟ್ಟದ್ದು ಕೋಣೆಯ ಕಥೆಯಾಯಿತೇ ಹೊರತು ಆಕಾಶದ ಕಥೆಯಾಗಲಿಲ್ಲ. ಜರ್ಮನಿಯ ಮಾನ್‌ಹೈಮ್ ನಗರದ ವಿದ್ವತ್ಸಭೆಯು 1780ರಿಂದ ಹದಿನೈದು ವರ್ಷ ಅನೇಕ ದೇಶಗಳ ಊರುಗಳಿಗೆ ಪರಸ್ಪರ ತಾಳೆ ನೋಡಿದ ಉಪಕರಣಗಳನ್ನು ಉಚಿತವಾಗಿ ಕಳುಹಿಸಿ, ಬೆಳಗ್ಗೆ 7, ಮಧ್ಯಾಹ್ನ 2, ರಾತ್ರಿ 9 ಗಂಟೆಗಳಿಗೆ ನೋಡಬೇಕೆಂದು ಗೊತ್ತುಮಾಡಿತು. ಹೊತ್ತು ಒಂದಾಯಿತು, ಉಪಕರಣವೂ ಒಂದಾಯಿತು. ಅದಕ್ಕೆ ತಕ್ಕ ಮನೆಯೊಂದು ಮಾತ್ರ ಬಾಕಿ ಉಳಿಯಿತು.

ಆ ಮನೆಯನ್ನು ಕಟ್ಟಿಕೊಟ್ಟವನು ದೀಪಸ್ತಂಭಗಳನ್ನು ಕಟ್ಟುವ ಸ್ಕಾಟ್ಲೆಂಡಿನ ಇಂಜಿನಿಯರ್ ಥಾಮಸ್ ಸ್ಟೀವನ್‌ಸನ್. 'ಟ್ರೆಷರ್ ಐಲೆಂಡ್' ಕಥೆ ಬರೆದ ಆರ್. ಎಲ್. ಸ್ಟೀವನ್‌ಸನ್ ಈತನ ಮಗ. ಕಡಲ ಗಾಳಿಯೊಡನೆ ಬಾಳಿದ ಈ ತಂದೆ 1864ರಲ್ಲಿ ಒಂದು ಮರದ ಗೂಡನ್ನು ವರ್ಣಿಸಿದನು. ಅದರ ಪಕ್ಕಗಳೆಲ್ಲ ಎರಡು ಸಾಲಿನ ಓರೆ ಪಟ್ಟಿಗಳು. ಬಂಗಲೆಗಳ ಹಳೆಯ ಕಿಟಕಿಬಾಗಿಲುಗಳಲ್ಲಿ ನೀವು ನೋಡಿರುವ ಪಟ್ಟಿಗಳಂಥವೇ. ಗಾಳಿ ಸರಾಗವಾಗಿ ಹಾಯುತ್ತದೆ, ಬಿಸಿಲು ಒಳಗೆ ಇಣುಕಲಾರದು. ಹೊರಗೆ ಬಿಳಿಯ ಬಣ್ಣ, ಕೆಳಗೆ ನಾಲ್ಕು ಕಾಲು. ಈ ಗೂಡು ಇಂದಿಗೂ ವೀಕ್ಷಣಾಲಯಗಳ ಅಂಗಳದಲ್ಲಿ ಜೇನುಪೆಟ್ಟಿಗೆಯಂತೆ ನಿಂತಿದೆ. ಹವಾಮಾನದವರು ಹೇಳುವ ಉಷ್ಣತೆಯೆಂದರೆ ಇಂಥ ಗೂಡಿನ ನೆರಳಿನ ಉಷ್ಣತೆ. ಬಿಸಿಲಿನಲ್ಲಿ ನಿಂತವನ ನೆತ್ತಿಯ ಉಷ್ಣತೆಯಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಬೇರೊಂದು ಉಪಾಯವನ್ನು ಹೂಡಿದ್ದರು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಎಚ್. ಎಫ್. ಬ್ಲಾನ್‌ಫೋರ್ಡ್ ಎಂಬವರ ಮೇಲ್ವಿಚಾರಣೆಯಲ್ಲಿ ಆರಂಭವಾದ ಕಾಲದಲ್ಲಿ ಉಷ್ಣಮಾಪಕಗಳನ್ನು ಇಡುತ್ತಿದ್ದದ್ದು ಸುತ್ತಲೂ ತೆರೆದ ಹುಲ್ಲುಚಪ್ಪರದ ಕೆಳಗೆ. ಸ್ಟೀವನ್‌ಸನ್ನನ ಗೂಡು ಇಲ್ಲಿ ಬಳಕೆಗೆ ಬಂದದ್ದು ತಡವಾಗಿ. ಹುಲ್ಲುಚಪ್ಪರವೆಂದು ನಗಬೇಡಿ. ಹಟ್ಟಿಯ ಮುಂದೆ ಚಪ್ಪರ ಹಾಕಿ ಬೇಸಗೆ ಕಳೆಯುವ ನಮ್ಮ ರೈತನಿಗೆ ಅದರ ತಂಪು ಗೊತ್ತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಎಂಬವರು 1893ರಿಂದ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಊರುಗಳ ಹವೆಯ ಲೆಕ್ಕವನ್ನು ವರ್ಷ ವರ್ಷವೂ ಅಚ್ಚು ಹಾಕಿಸಿದರು. ಅಂದಿನ ಅಂಕಿಯನ್ನು ಇಂದಿನ ಅಂಕಿಯೊಡನೆ ಹೋಲಿಸಿ ನಮ್ಮ ಊರು ಎಷ್ಟು ಕಾದಿದೆಯೆಂದು ಹೇಳಲು ಸಾಧ್ಯವಾಗುವುದು, ಎರಡನ್ನೂ ನೆರಳಿನಲ್ಲಿ, ಗಾಳಿಯಲ್ಲಿ, ಒಂದು ಕ್ರಮದಿಂದ ಅಳೆದಿದ್ದರೆ ಮಾತ್ರ. ನನ್ನ ತಾರಸಿಯ 44 ಡಿಗ್ರಿ ಯಾವ ಹೋಲಿಕೆಗೂ ಬರುವಂಥದಲ್ಲ.

ಇಷ್ಟು ಗೂಡಿನ ಕಥೆಯಾಯಿತು. ಇನ್ನು ನಿಸ್ತಂತುವಿನ ಕಥೆ. ಅದು ನೆಲದ ಮೇಲೆ ಹುಟ್ಟಿದ್ದಲ್ಲ, ಬಾನಿನಲ್ಲಿ ಹುಟ್ಟಿತು.

ಮೇಲಣ ಗಾಳಿಯ ಶಾಖವನ್ನು ತಿಳಿಯಲು ಬಲೂನಿಗೆ ಒಂದು ಬರಹಯಂತ್ರವನ್ನು ಕಟ್ಟಿ ಬಿಡುತ್ತಿದ್ದರು. ಅದು ಮೈಲಿಗಟ್ಟಲೆ ಮೇಲೇರಿ, ಬಲೂನು ಒಡೆದು, ಎಲ್ಲಿಯೋ ಹೊಲದಲ್ಲಿ ಬೀಳುತ್ತಿತ್ತು. ಸಿಕ್ಕವರು ತಂದುಕೊಟ್ಟರೆ ಬಹುಮಾನ ಉಂಟೆಂದು ಚೀಟಿ ಅಂಟಿಸಿರುತ್ತಿದ್ದರು. ಫ್ರಾನ್ಸಿನ ತೇಸರಾಂಕ್ ದ ಬೋರ್ ಎಂಬ ವಿಜ್ಞಾನಿ ಈ ವಿಧಾನದಿಂದಲೇ, ಸುಮಾರು 11 ಕಿಲೋಮೀಟರಿನಿಂದಾಚೆಗೆ ಗಾಳಿ ತಣ್ಣಗಾಗುತ್ತ ಹೋಗುವುದು ನಿಂತುಬಿಡುತ್ತದೆಂದು 1902ರಲ್ಲಿ ಸಾರಿದನು. ಆದರೆ ನಾಳೆಯ ಹವೆಯನ್ನು ಹೇಳಬೇಕಾದವನು, ರೈತನೊಬ್ಬನು ಯಂತ್ರವನ್ನು ಹುಡುಕಿ ತರುವವರೆಗೆ ಕಾದು ಕುಳಿತರೆ ಆದೀತೆ? ಯಂತ್ರವು ಹಾರುತ್ತಿರುವಾಗಲೇ ಮಾತಾಡಬೇಕು. ಫ್ರಾನ್ಸಿನ ರಾಬರ್ ಬ್ಯೂರೋ 1929ರ ಜನವರಿಯಲ್ಲಿ, ರಷ್ಯದ ಪಾವೆಲ್ ಮೊಲ್ಚಾನೊವ್ 1930ರ ಜನವರಿಯಲ್ಲಿ, ಫಿನ್ಲೆಂಡಿನ ವಿಲ್ಹೊ ವೈಸಲ 1931ರ ಡಿಸೆಂಬರಿನಲ್ಲಿ, ಪುಟ್ಟ ಪ್ರೇಷಕಗಳನ್ನು ಬಲೂನಿಗೆ ಕಟ್ಟಿ ಹಾರಿಸಿದರು. 'ರೇಡಿಯೋಸಾಂಡ್' ಎಂಬ ಹೆಸರನ್ನು ಕೊಟ್ಟವನು ಬ್ಯೂರೋ. ಶಾಖವನ್ನೂ ವಾಯುಭಾರವನ್ನೂ ಸಂಕೇತಗಳನ್ನಾಗಿ ಮಾಡಿ, ನೆಲದ ಮೇಲೆ ಕಿವಿಗೊಟ್ಟು ಕುಳಿತವನಿಗೆ ಅದು ಒದರುತ್ತ ಹೋಗುತ್ತಿತ್ತು. ಅಳೆಯುವವನು ಒಂದು ಕಡೆ, ಅಳತೆಯ ಸಾಧನ ಇನ್ನೊಂದು ಕಡೆ, ನಡುವೆ ತಂತಿಯಿಲ್ಲ. ನಿಮ್ಮ ಮನೆಯ ಸಂವೇದಕದ ಅಜ್ಜ ಇವನೇ.

ನಮ್ಮ ಹವಾಮಾನ ಇಲಾಖೆಯವರೂ 1940ರ ದಶಕದಲ್ಲಿ ಇಂಥ ಸಾಧನವನ್ನು ತಾವೇ ರೂಪಿಸಿದರು. ಸ್ವಾತಂತ್ರ್ಯ ಬಂದಾಗ ಇತರ ಬಹುಪಾಲು ಉಪಕರಣಗಳು ಹೊರದೇಶದಿಂದಲೇ ಬರಬೇಕಾಗಿತ್ತು. ಆ ಪರಾಧೀನತೆಯನ್ನು ತಪ್ಪಿಸಲು ದುಡಿದವರಲ್ಲಿ ಅಣ್ಣಾ ಮಾಣಿಯವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ನರ ಬಳಿ ವಜ್ರಗಳ ಬೆಳಕನ್ನು ಅಭ್ಯಾಸ ಮಾಡಿದ ಈ ಮಹಿಳೆ 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದು ಪ್ರಮಾಣಕ್ಕೆ ತಂದು ಇಲ್ಲಿಯೇ ತಯಾರಿಸಲು ದಾರಿ ಮಾಡಿದರು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿಯೇ ಗಾಳಿಯ ವೇಗವನ್ನೂ ಸೂರ್ಯಶಕ್ತಿಯನ್ನೂ ಅಳೆಯುವ ಸಾಧನಗಳ ಕಾರ್ಯಾಗಾರವೊಂದನ್ನು ನಡೆಸಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲೆಂಬ ನಿಷ್ಠೆಯವರು.

ಬಲೂನಿನಿಂದ ಮನೆಗೆ ಇಳಿದು ಬರಲು ಈ ಸಾಧನವು ಚಿಕ್ಕದಾಗಬೇಕಾಯಿತು, ಅಗ್ಗವಾಗಬೇಕಾಯಿತು. ತೇವವನ್ನು ಅಳೆಯಲು ಸ್ವಿಟ್ಸರ್ಲೆಂಡಿನ ಸೊಸ್ಯೂರ್ 1783ರಲ್ಲಿ ಬಳಸಿದ್ದು ಮನುಷ್ಯನ ತಲೆಗೂದಲು. ತೇವಕ್ಕೆ ಕೂದಲು ಹಿಗ್ಗುತ್ತದೆಂಬುದು ಮಳೆಗಾಲದಲ್ಲಿ ಜಡೆ ಹೆಣೆಯುವವರಿಗೆ ಹೇಳಬೇಕಾದುದಲ್ಲ. ಆ ಕೂದಲಿನ ಜಾಗಕ್ಕೆ 1973ರಲ್ಲಿ ವೈಸಲನ ಕಂಪನಿಯು ನೀರಾವಿಯನ್ನು ಹೀರುವ ತೆಳುಪೊರೆಯ ವಿದ್ಯುತ್ ಸಾಧನವನ್ನು ತಂದಿತು. ಶಾಖವನ್ನು ಅಳೆಯಲು ಕಡಲೆಕಾಳಿಗಿಂತ ಸಣ್ಣದಾದ ಥರ್ಮಿಸ್ಟರ್ ಬಂದಿತು. ಪ್ರೇಷಕಕ್ಕೆ ಎರಡು ಬ್ಯಾಟರಿ ಸಾಕಾಯಿತು.

ಈಗ ನಿಮ್ಮ ಮನೆಯಲ್ಲಿ ಅದನ್ನು ನಿಲ್ಲಿಸುವ ವಿಚಾರ. ಮೊದಲು ಎರಡು ಪೆಟ್ಟಿಗೆಗಳಿಗೂ ಬ್ಯಾಟರಿ ಹಾಕಿ, ಒಂದು ರಾತ್ರಿ ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇಡಿ. ಅವು ಒಂದನ್ನೊಂದು ಗುರುತು ಹಿಡಿಯುತ್ತವೆ. ಒಳಗಿನ ಅಂಕಿ, ಹೊರಗಿನ ಅಂಕಿ ಆಗ ಹೆಚ್ಚುಕಡಮೆ ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಬರೆದಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ಬಳಿಕ ಹೊರಗಿನ ಜಾಗ. ಸಾಧನದೊಡನೆ ಬರುವ ಪುಸ್ತಿಕೆಯಲ್ಲಿ ಉತ್ತರದ ಗೋಡೆಗೆ ಹಾಕಿರೆಂದು ಬರೆದಿರುವುದುಂಟು. ಅದು ಜ್ಯೂರಿನ್ನನ ಕಾಲದಿಂದ ಬಂದ ಯೂರೋಪಿನ ಮಾತು. ಅಲ್ಲಿ ನಡುಹಗಲಿನ ಸೂರ್ಯ ಎಂದೂ ದಕ್ಷಿಣಕ್ಕೇ ಇರುತ್ತಾನೆ. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ. ಕಡುಸೆಕೆಯ ಮೇ ತಿಂಗಳಲ್ಲಿ ನಮ್ಮ ಉತ್ತರದ ಗೋಡೆಗೇ ಬಿಸಿಲು! ನಮಗೆ ಗೋಡೆಯ ನಂಬಿಕೆ ಸಲ್ಲದು, ಚಪ್ಪರದ ನೀತಿಯೇ ಸರಿ. ಮೇಲೆಯೂ ಸುತ್ತಲೂ ಮರೆ ಇರಬೇಕು, ಗಾಳಿ ಮಾತ್ರ ಹಾಯಬೇಕು.

ಅಂಗಳವೋ ಕೈತೋಟವೋ ಇದ್ದವರು ಒಂದು ಕಂಬ ನೆಟ್ಟು, ನೆಲದಿಂದ 4ರಿಂದ 6 ಅಡಿ ಎತ್ತರದಲ್ಲಿ ಸಂವೇದಕವನ್ನು ತೂಗಿಬಿಡಿ. ಹೂಕುಂಡದ ಕೆಳಗಿಡುವ ಬಿಳಿಯ ಪ್ಲಾಸ್ಟಿಕ್ ತಟ್ಟೆಗಳು ಏಳೆಂಟನ್ನು ಬೋರಲು ಹಾಕಿ, ಮೇಲಿನ ಎರಡನ್ನು ಹಾಗೆಯೇ ಬಿಟ್ಟು ಉಳಿದವುಗಳ ನಡುಭಾಗವನ್ನು ಕತ್ತರಿಸಿ, ಬೆರಳಗಲ ಸಂದು ಬಿಟ್ಟು ಒಂದರ ಮೇಲೊಂದು ಪೋಣಿಸಿದರೆ ಸ್ಟೀವನ್‌ಸನ್ನನ ಗೂಡಿನ ಕೆಲಸವನ್ನು ಅದು ಮಾಡುತ್ತದೆ. ನಾನು ಹಾಗೆಯೇ ಮಾಡಿದೆ. ಮರುದಿನ ಮಧ್ಯಾಹ್ನ ನನ್ನ ಯಂತ್ರ 36 ತೋರಿಸಿತು, ಸಂಜೆಯ ವಾರ್ತೆ 35 ಎಂದಿತು. ಅಂಗಳವಿಲ್ಲದೆ ತಾರಸಿ ಮಾತ್ರ ಇರುವವರು ಕಾದ ನೆಲದಿಂದ ಸಾಧ್ಯವಾದಷ್ಟು ಎತ್ತರಕ್ಕೆ, ಗೋಡೆಯಿಂದ ದೂರಕ್ಕೆ ಇಡಿ. ಅಡಿಗೆಮನೆಯ ಕಿಟಕಿಯ ಬಳಿ ಬೇಡ, ಒಗ್ಗರಣೆಯೂ ಹವಾಮಾನವಾಗಿಬಿಡುತ್ತದೆ. ಕಬ್ಬಿಣದ ಗ್ರಿಲ್ಲು, ತಗಡು, ದಪ್ಪ ಗೋಡೆಗಳು ಪ್ರೇಷಕದ ಕ್ಷೀಣದನಿಯನ್ನು ನುಂಗುತ್ತವೆ. ಆದ್ದರಿಂದ ಮೇಜಿನ ಯಂತ್ರವನ್ನು ಕಿಟಕಿಯ ಕಡೆಗೆ ಸರಿಸಿ. ಕೆಲವು ಯಂತ್ರಗಳು ಜರ್ಮನಿಯ ಕಾಲಸೂಚಕ ಬಾನುಲಿಯನ್ನು ಹುಡುಕುತ್ತ ರಾತ್ರಿಯೆಲ್ಲ ಮಿನುಗುತ್ತವೆ. ಆ ದನಿ ಇಲ್ಲಿಗೆ ಎಟುಕದು, ಗಡಿಯಾರವನ್ನು ಕೈಯಿಂದಲೇ ಸರಿಪಡಿಸಿ.

ವಾಯುಭಾರದ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ಸಮುದ್ರಮಟ್ಟದಲ್ಲಿ ಸುಮಾರು 1010 ಮಿಲಿಬಾರ್ ಇರುವ ಭಾರ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 910ರ ಆಸುಪಾಸಿನಲ್ಲಿರುತ್ತದೆ. ನಿಮ್ಮ ಊರಿನ ಎತ್ತರವನ್ನು ಯಂತ್ರಕ್ಕೆ ತಿಳಿಸಿದರೆ ಅದು ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಅದು ಬಿಡಿಸಿ ತೋರಿಸುವ ಮೋಡ, ಸೂರ್ಯರ ಚಿತ್ರಗಳನ್ನು ನಂಬಿ ಹಪ್ಪಳ ಒಣಹಾಕಬೇಡಿ. ಭಾರ ಇಳಿದರೆ ಮಳೆ, ಏರಿದರೆ ಬಿಸಿಲು ಎಂಬ ಶೀತದೇಶದ ಸೂತ್ರ ಅದರೊಳಗಿದೆ. ಉಷ್ಣವಲಯದಲ್ಲಿ ವಾಯುಭಾರವು ಬೆಳಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ಕ್ಕೆ ಇಳಿದು, ರಾತ್ರಿ 10ಕ್ಕೆ ಮತ್ತೆ ಏರಿ, ನಸುಕಿನ 4ಕ್ಕೆ ಮತ್ತೆ ಇಳಿಯುತ್ತದೆ. ಮಳೆ ಬರಲಿ ಬಿಡಲಿ, ದಿನವೂ ಹೀಗೆಯೇ. ದಕ್ಷಿಣ ಅಮೆರಿಕದಲ್ಲಿ ಸಂಚರಿಸಿದ ಹೂಂಬೋಲ್ಟನು ಇದನ್ನು ನೋಡಿ, ಅಲ್ಲಿ ವಾಯುಭಾರಮಾಪಕದಿಂದಲೇ ಗಂಟೆ ಹೇಳಬಹುದೆಂದು ಬೆರಗುಪಟ್ಟನು. ನಿಮ್ಮ ಯಂತ್ರವು ಇದನ್ನು ಅರಿಯದೆ ಎಷ್ಟೋ ಮಧ್ಯಾಹ್ನ ವೃಥಾ ಮೋಡ ಕವಿಸುತ್ತದೆ.

ಹವಾಮಾನ ಇಲಾಖೆಯ ಮುಖ್ಯ ವೀಕ್ಷಣೆಗಳು ಬೆಳಗ್ಗೆ 8.30ಕ್ಕೆ, ಸಂಜೆ 5.30ಕ್ಕೆ. ಮಳೆಯ ದಿನದ ಲೆಕ್ಕವೂ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ನೀವೂ ಆ ಹೊತ್ತಿಗೇ ನೋಡಿ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಮೊದಲ ಪುಟದಲ್ಲಿ ಸಂವೇದಕವನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ನೆರಳಿನಲ್ಲಿ ಇಟ್ಟಿದ್ದೀರೆಂಬುದನ್ನು ದಿನಾಂಕದೊಡನೆ ಗುರುತು ಹಾಕಿಕೊಳ್ಳಿ. ನಮ್ಮ ಮೇಷ್ಟ್ರು ಈಗ ದಿನವೂ 8.30ಕ್ಕೆ ಸರಿಯಾಗಿ ನಮ್ಮ ಬೇಲಿಯ ಬಳಿ ಬಂದು ನಿಲ್ಲುತ್ತಾರೆ. ನನಗಿಂತ ಮೊದಲು ಅಂಕಿಯನ್ನು ಕೇಳಿ ತಿಳಿಯದಿದ್ದರೆ ಅವರಿಗೆ ಕಾಫಿ ರುಚಿಸುವುದಿಲ್ಲ.