21ನೇ ಬಾಗಿಲಿಗೆ ಚಿಲಕವೇ ಇರಲಿಲ್ಲ

"ಏನಪ್ಪಾ ಇಂಜಿನಿಯರು, ಒಂದು ಮದುವೆ ಅಂದ್ರೆ ಐವತ್ತು ಅರವತ್ತು ಜಿಬಿ ಫೋಟೋ. ಆಲ್ಬಂ ಡಿಸೈನ್ ಮಾಡೋ ಹುಡುಗ ಇರೋದು ಬನಶಂಕರೀಲಿ. ಹಾರ್ಡ್‌ಡಿಸ್ಕ್ ಹಿಡ್ಕೊಂಡು ಸ್ಕೂಟರಲ್ಲಿ ಓಡಾಡಿ ಸಾಕಾಯ್ತು, ಏನಾದ್ರೂ ಮಾಡು" ಅಂದರು ವಸಂತಪುರದ ನಮ್ಮ ಬೀದಿಯ ಸ್ಟುಡಿಯೋ ಅಂಕಲ್.

ಅಂಗಡಿ ಮೂಲೆಯಲ್ಲಿ ಹಳೇ ಕಂಪ್ಯೂಟರೊಂದು ಧೂಳು ಹಿಡಿದು ಕೂತಿತ್ತು. ಅದಕ್ಕೆ ಉಬುಂಟು ಹಾಕಿ, ವಿಎಸ್‌ಎಫ್‌ಟಿಪಿಡಿ ಅನ್ನೋ ಎಫ್‌ಟಿಪಿ ಸರ್ವರ್ ಇನ್‌ಸ್ಟಾಲ್ ಮಾಡಿ, ಕಾನ್ಫಿಗ್ ಫೈಲಿನಲ್ಲಿ ಬರೆಯಲು ಅನುಮತಿ ಕೊಡೋ ಸಾಲಿನ ಮುಂದಿದ್ದ ಹ್ಯಾಶ್ ಅಳಿಸಿ, ರೂಟರಿನಲ್ಲಿ 21ನೇ ಪೋರ್ಟನ್ನೂ ಡೇಟಾಗೆ ಬೇಕಾದ ಇನ್ನಷ್ಟು ಪೋರ್ಟುಗಳನ್ನೂ ತೆರೆದೆ. ಒಂದು ಗಂಟೆ ಕೆಲಸ. ಅಂಕಲ್ ಖುಷಿಯಾಗಿ ಕಾಫಿ ತರಿಸಿದರು.

ಎರಡು ವಾರ ಬಿಟ್ಟು "ಯಾಕೋ ಸ್ಲೋ ಆಗಿದೆ" ಅಂತ ಕರೆದರು. ಟಿಸಿಪಿಡಂಪ್ ಓಡಿಸಿದೆ ನೋಡಿ... ಅಂಕಲ್ ಪಾಸ್‌ವರ್ಡ್ ಪರದೆ ಮೇಲೆ ಅಕ್ಷರ ಅಕ್ಷರವಾಗಿ ಕಾಣಿಸ್ತಿದೆ! ಎಫ್‌ಟಿಪಿ ಇರೋದೇ ಹೀಗೆ ಅಂತ ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದರೂ ಕಣ್ಣಾರೆ ಕಂಡಾಗ ಎದೆ ಧಸಕ್ಕೆಂದಿತು.

"ಅಂಕಲ್, ಈ ಪಾಸ್‌ವರ್ಡ್ ಬೇರೆಲ್ಲಾದ್ರೂ ಇಟ್ಟಿದೀರಾ?"

"ನಂದು ಎಲ್ಲದಕ್ಕೂ ಒಂದೇ ಕಣಪ್ಪಾ. ಬ್ಯಾಂಕಿಗೂ ಅದೇ."

ಅವತ್ತು ರಾತ್ರಿ, ಚಿಲಕವೇ ಇಲ್ಲದ ಇಂಥ ಬಾಗಿಲು ಮಾಡಿದ ಪುಣ್ಯಾತ್ಮ ಯಾರು ಅಂತ ಹುಡುಕುತ್ತಾ ಕೂತೆ. ಸಿಕ್ಕಿದ್ದು ನಮ್ಮ ದೇಶದವರೇ! ಅಲಹಾಬಾದಿನಲ್ಲಿ ಹುಟ್ಟಿದ ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ಬ್ಯಾಚಿನವರು. 1965ರಲ್ಲಿ ಅಲ್ಲಿಂದ ಹೊರಬಿದ್ದು ಅಮೆರಿಕದ ಎಂಐಟಿ ಸೇರಿದವರು. 1971ರ ಏಪ್ರಿಲ್ 16ರಂದು ಅವರು ಬರೆದ ಆರ್‌ಎಫ್‌ಸಿ 114ರಲ್ಲೇ ಎಫ್‌ಟಿಪಿ ಹುಟ್ಟಿದ್ದು. ಆರ್‌ಎಫ್‌ಸಿ ಅಂದರೆ "ಹೀಗೊಂದು ಯೋಚನೆ ಇದೆ, ನೀವೇನಂತೀರಿ?" ಅಂತ ಕೇಳುವ ಪತ್ರ.

ಇಂಟರ್‌ನೆಟ್ಟಿನ ಅಜ್ಜ ಆರ್ಪಾನೆಟ್‌ಗೆ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅದರಲ್ಲಿದ್ದದ್ದು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು. ಪಿಡಿಪಿ-10 ಯಂತ್ರದ ಪದ 36 ಬಿಟ್, ಐಬಿಎಂ 360ರದ್ದು 32 ಬಿಟ್. ಅಕ್ಷರಗಳನ್ನು ಗುರುತಿಸುವ ಸಂಕೇತವೂ ಒಬ್ಬರದ್ದು ಇನ್ನೊಬ್ಬರಿಗಿಲ್ಲ. ಒಬ್ಬರ ಫೈಲ್ ಇನ್ನೊಬ್ಬರಿಗೆ ಅರ್ಥವಾಗೋ ಹಾಗೆ ದಾಟಿಸೋದೇ ಭೂಷಣ್ ಮುಂದಿದ್ದ ಸಮಸ್ಯೆ, ಕಳ್ಳರಲ್ಲ. ಆ ಕೆಲಸವನ್ನು ಎಫ್‌ಟಿಪಿ ಎಷ್ಟು ಚೆನ್ನಾಗಿ ಮಾಡಿತು ಅಂದರೆ ಮೊದಲಿಗೆ ಇಮೇಲ್ ಕೂಡ ಅದರ ಬೆನ್ನೇರಿಯೇ ಹೋಗುತ್ತಿತ್ತು; ಇಮೇಲಿಗೇ ಅಂತ ಎಸ್‌ಎಂಟಿಪಿ ಬಂದದ್ದು 1980ರ ದಶಕದ ಆರಂಭದಲ್ಲಿ. 1985ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ಆರ್‌ಎಫ್‌ಸಿ 959 ಎಫ್‌ಟಿಪಿಗೆ ಗಟ್ಟಿ ರೂಪ ಕೊಟ್ಟಿತು. ಪಾಸ್‌ವರ್ಡ್ ಮಾತ್ರ ಅದರಲ್ಲೂ ಬೆತ್ತಲೆ.

ಅದೇ 1985ರಲ್ಲಿ ನಮ್ಮ ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಮಿಲ್ಲರ್ಸ್ ರಸ್ತೆಯಲ್ಲಿ ಆಫೀಸು, ಜೊತೆಗೆ ತನ್ನದೇ ಉಪಗ್ರಹ ಸಂಪರ್ಕ. ಇಲ್ಲಿ ಕೂತು ಮಾಡಿದ ಚಿಪ್ ವಿನ್ಯಾಸ ಟೇಪಿನಲ್ಲಿ ವಿಮಾನ ಹತ್ತದೆ ಸಮುದ್ರ ದಾಟುವ ದಾರಿ ಅದು. 1991ರಲ್ಲಿ ಶುರುವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ತಲುಪಿಸಿತು. ಅಂಕಲ್‌ನ ಸ್ಕೂಟರ್ ಸಮಸ್ಯೆಯನ್ನೇ ದೊಡ್ಡದಾಗಿ ಬಿಡಿಸಿದ್ದರಿಂದ ಈ ಊರಿಗೆ ಸಾಫ್ಟ್‌ವೇರ್ ಬಂತು, ನನ್ನಂಥವರಿಗೆ ಕೆಲಸ ಸಿಕ್ಕಿತು ಅನ್ನಬಹುದೇನೋ :-)

ಚಿಲಕ ಬಂದದ್ದು 1995ರಲ್ಲಿ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್ ಸಂಗ್ರಹಿಸಿದ್ದು ಬಯಲಾಯಿತು. ಅಲ್ಲಿನ ತಾತು ಯುಲೋನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿ 21ರಲ್ಲಿ, ಟೆಲ್ನೆಟ್ 23ರಲ್ಲಿ. ಮಧ್ಯೆ ಖಾಲಿ ಇದ್ದ 22ನ್ನು ತಮ್ಮದಕ್ಕೆ ಕೇಳಿ ಪಡೆದರು. ಎಸ್‌ಎಫ್‌ಟಿಪಿ ನಡೆಯೋದು ಈ ಪಕ್ಕದ ಮನೆಯಲ್ಲೇ.

ಅಂದ ಹಾಗೆ, ವಿಎಸ್‌ಎಫ್‌ಟಿಪಿಡಿಯ ಮೊದಲೆರಡು ಅಕ್ಷರಗಳ ಅರ್ಥ 'ವೆರಿ ಸೆಕ್ಯೂರ್'. ಆದರೂ 2011ರ ಜುಲೈನಲ್ಲಿ ಅದರ 2.3.4 ಆವೃತ್ತಿಯ ಡೌನ್‌ಲೋಡ್ ಫೈಲಿನಲ್ಲೇ ಯಾರೋ ಹಿಂಬಾಗಿಲು ಇಟ್ಟಿದ್ದು ಗೊತ್ತಾಯಿತು. ಯೂಸರ್ ಹೆಸರಿನಲ್ಲಿ :) ಹಾಕಿದರೆ ಸಾಕು, 6200ನೇ ಪೋರ್ಟಿನಲ್ಲಿ ಇಡೀ ಯಂತ್ರ ಕೈಗೆ! ನಾವು ಮಾತು ಮಾತಿಗೂ ಹಾಕೋ ಸ್ಮೈಲಿ... 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿ ಕೈಬಿಟ್ಟವು.

ಮಾರನೇ ದಿನವೇ 21ನ್ನು ಮುಚ್ಚಿ ಎಸ್‌ಎಫ್‌ಟಿಪಿ ಹಾಕಿದೆ. ಡಿಸೈನ್ ಹುಡುಗನಿಗೆ ಕೀ ಮಾಡಿಕೊಟ್ಟೆ. ಅಂಕಲ್ ಪಕ್ಕದಲ್ಲಿ ಕೂತು ಬ್ಯಾಂಕಿನದ್ದೂ ಸೇರಿ ಎಲ್ಲಾ ಪಾಸ್‌ವರ್ಡ್ ಬದಲಾಯಿಸಿದ್ದಾಯಿತು. ದುಡ್ಡೇನೂ ಹೋಗಿರಲಿಲ್ಲ. ತಪ್ಪು ನನ್ನದೇ ಅಂತ ಹೇಳಿದೆ. "ದುಡ್ಡು ಹಾಗಿರಲಿ, ಮದುವೆ ಮನೆಯವರು ಹೆಣ್ಮಕ್ಕಳ ಫೋಟೋ ನಮ್ಮನ್ನ ನಂಬಿ ಕೊಟ್ಟಿರ್ತಾರಪ್ಪಾ" ಅಂದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಭೂಷಣ್ ಮೇಲೆ ನನಗೀಗ ಸಿಟ್ಟಿಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿದ್ದ ಊರಿಗೆ ಅವರು ಬಾಗಿಲು ಮಾಡಿದ್ದರು. ಅದನ್ನು ಇಷ್ಟು ವರ್ಷದ ಮೇಲೆ ತಂದು ಬೀದಿಗೆ ತೆರೆದಿಟ್ಟವನು ನಾನು. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಯಾರೋ ಯಾವಾಗಲೋ ಹಾಕಿದ ಎಫ್‌ಟಿಪಿ ಸರ್ವರ್ ಇನ್ನೂ ಓಡ್ತಾ ಇದ್ದರೆ, ಇವತ್ತೇ ಒಮ್ಮೆ ಇಣುಕಿ ನೋಡಿ.