ನೀರಿನೊಳಗಣ ರೆಕ್ಕೆ

ರೆಕ್ಕೆಯೆಂದೊಡನೆ ನಮ್ಮ ಕಣ್ಣು ಆಕಾಶದತ್ತ ತಿರುಗುವುದು ಸಹಜ. ಆದರೆ ತಾನು ನೀರಿನೊಳಗೆ ಮುಳುಗಿದ್ದು, ನೀರಿನ ಮೇಲಿರುವುದನ್ನು ಎತ್ತಿ ಹಿಡಿಯುವ ರೆಕ್ಕೆಯೂ ಒಂದುಂಟು. ಅದಕ್ಕೆ ಹೈಡ್ರೊಫಾಯಿಲ್ ಎಂದು ಹೆಸರು. ಹವಾಯಿ ದ್ವೀಪಗಳ ಕಡಲಲ್ಲಿ ತರುಣರು ಹಲಗೆಯೊಂದರ ಮೇಲೆ ನಿಂತು, ಆ ಹಲಗೆ ನೀರನ್ನು ಮುಟ್ಟದಂತೆ ಒಂದೆರಡು ಅಡಿ ಎತ್ತರದಲ್ಲಿ ತೇಲಿ ಹೋಗುವ ಚಿತ್ರಗಳನ್ನು ನೀವು ನೋಡಿರಬಹುದು. ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಹಲಗೆಯ ಅಡಿಯಲ್ಲಿ ಒಂದು ಕಂಬ. ಕಂಬದ ತುದಿಯಲ್ಲಿ ಒಂದು ದಂಡ. ದಂಡದ ಮುಂದೆ ದೊಡ್ಡ ರೆಕ್ಕೆ, ಹಿಂದೆ ಪುಟ್ಟ ರೆಕ್ಕೆ. ಹಿಂದಣದು ಸಮತೋಲಕ್ಕೆ, ಭಾರವನ್ನು ಹೊರುವುದು ಮುಂದಣದು. ಆ ಮುಂದಣ ರೆಕ್ಕೆ ಎಷ್ಟು ದೊಡ್ಡದಿರಬೇಕು, ಎಷ್ಟು ನೀಳವಾಗಿರಬೇಕು? ಕೊಳ್ಳುವವರೆಲ್ಲ ಕೇಳುವ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಗಿಲಾದ ಇತಿಹಾಸವಿದೆ.

ತತ್ತ್ವವೇನೋ ಸರಳ. ವಿಮಾನದ ರೆಕ್ಕೆ ಗಾಳಿಯನ್ನು ಕೆಳಕ್ಕೆ ಬಾಗಿಸಿ ತಾನು ಮೇಲೇಳುವಂತೆ ಇದು ನೀರನ್ನು ಕೆಳಕ್ಕೆ ಬಾಗಿಸಿ ಮೇಲೇಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಊಟದ ಮಣೆಯಷ್ಟು ವಿಸ್ತಾರದ ರೆಕ್ಕೆ ಒಬ್ಬ ಆಳನ್ನು ಹೊರಬಲ್ಲದು. ಆದರೆ ಒಂದು ನಿಯಮವನ್ನು ನೆನಪಿನಲ್ಲಿಡಬೇಕು. ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಏರುತ್ತದೆ. ವೇಗದ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಎಂದರೆ, ವೇಗ ಇಮ್ಮಡಿಯಾದಾಗ ಅದೇ ಭಾರಕ್ಕೆ ಕಾಲುಭಾಗ ರೆಕ್ಕೆ ಸಾಕು. ಉಳಿದ ಮುಕ್ಕಾಲು ಭಾಗ ಸುಮ್ಮನೆ ನೀರನ್ನು ಉಜ್ಜಿಕೊಂಡು ಬರುವ ಹೊರೆ. ಮೇಲೇಳುವಾಗ ಬೇಕಾದ ರೆಕ್ಕೆ ಓಡುವಾಗ ಹೆಚ್ಚು. ಓಡುವಾಗ ಸಾಕೆನಿಸುವ ರೆಕ್ಕೆ ಮೇಲೇಳುವಾಗ ಸಾಲದು. ತೊಡಕೆಲ್ಲ ಇಲ್ಲಿದೆ.

ಈ ತೊಡಕನ್ನು ಜಾಣತನದಿಂದ ಬಿಡಿಸಿದವರಲ್ಲಿ ಮೊದಲಿಗರೊಬ್ಬರು ಇಟಲಿಯ ಎಂಜಿನಿಯರ್ ಎನ್ರಿಕೊ ಫೊರ್ಲಾನಿನಿ. ಅವರು ತಮ್ಮ ದೋಣಿಗೆ ಒಂದು ರೆಕ್ಕೆಯನ್ನು ಕಟ್ಟಲಿಲ್ಲ. ಏಣಿಯ ಮೆಟ್ಟಲುಗಳಂತೆ ಒಂದರ ಮೇಲೊಂದು ಹಲವು ರೆಕ್ಕೆಗಳನ್ನು ಜೋಡಿಸಿದರು. ನಿಧಾನವಾಗಿ ಹೊರಟಾಗ ಎಲ್ಲ ಮೆಟ್ಟಲುಗಳೂ ನೀರಿನಲ್ಲಿ. ವೇಗ ಹೆಚ್ಚಿದಂತೆ ದೋಣಿ ಏಳುತ್ತದೆ, ಮೇಲಿನ ಮೆಟ್ಟಲುಗಳು ಒಂದೊಂದಾಗಿ ನೀರಿನಿಂದ ಹೊರಬರುತ್ತವೆ. ಎಷ್ಟು ಬೇಕೋ ಅಷ್ಟೇ ರೆಕ್ಕೆ ಒಳಗೆ ಉಳಿಯುತ್ತದೆ. ಆಯ್ಕೆಯನ್ನು ಮನುಷ್ಯ ಮಾಡಬೇಕಾಗಿಲ್ಲ, ಏಣಿಯೇ ಮಾಡಿಕೊಳ್ಳುತ್ತದೆ. 1906ರಲ್ಲಿ ಮಜ್ಜೊರೆ ಸರೋವರದ ಮೇಲೆ ಈ ದೋಣಿ ಗಂಟೆಗೆ ಸುಮಾರು 68 ಕಿಲೊಮೀಟರು ವೇಗದಲ್ಲಿ ಓಡಿತು.

ಟೆಲಿಫೋನನ್ನು ಕಂಡುಹಿಡಿದ ಅಲೆಗ್ಜಾಂಡರ್ ಗ್ರಹಾಂ ಬೆಲ್ ಅವರ ಹೆಸರನ್ನು ಬಲ್ಲ ನೀವು, ಅವರ ಇಳಿವಯಸ್ಸಿನ ಈ ಸಾಹಸವನ್ನು ಬಹುಶಃ ಕೇಳಿರಲಿಕ್ಕಿಲ್ಲ. ಬೆಲ್ ಮತ್ತು ಅವರ ಸಹಾಯಕ ಕೇಸಿ ಬಾಲ್ಡ್‌ವಿನ್ 1911ರಲ್ಲಿ ಇಟಲಿಗೆ ಹೋಗಿ ಫೊರ್ಲಾನಿನಿಯ ದೋಣಿಯಲ್ಲಿ ಕುಳಿತು ಬಂದರು. ಊರಿಗೆ ಮರಳಿ ಕೆನಡಾದ ನೋವಾಸ್ಕೋಷಿಯ ಪ್ರಾಂತದ ಬ್ಯಾಡೆಕ್ ಎಂಬಲ್ಲಿ ತಾವೂ ಏಣಿರೆಕ್ಕೆಯ ದೋಣಿಗಳನ್ನು ಕಟ್ಟಿದರು. ಅವುಗಳಲ್ಲಿ ನಾಲ್ಕನೆಯದಾದ ಎಚ್.ಡಿ.-4, 1919ರ ಸೆಪ್ಟೆಂಬರ್ 9ರಂದು ಗಂಟೆಗೆ 70.86 ಮೈಲಿ ವೇಗವನ್ನು ಮುಟ್ಟಿ ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು. ಆಗ ಬೆಲ್ ಅವರಿಗೆ 72 ವರ್ಷ.

ಮುಂದೆ ಜರ್ಮನಿಯ ಹಾನ್ಸ್ ಫಾನ್ ಶೆರ್ಟೆಲ್ ಏಣಿಯನ್ನು ಬಿಟ್ಟು, ತಟ್ಟೆಯಾಗಿ ಬಿಚ್ಚಿಕೊಂಡ ಇಂಗ್ಲಿಷ್ 'ವಿ' ಅಕ್ಷರದಂತಹ ರೆಕ್ಕೆಯನ್ನು ಪಳಗಿಸಿದರು. ದೋಣಿ ಏರಿದಂತೆ 'ವಿ'ಯ ಎರಡು ತೋಳುಗಳೂ ನೀರಿನಿಂದ ಹೊರಬಂದು, ಒಳಗಿನ ವಿಸ್ತೀರ್ಣ ತಾನಾಗಿಯೇ ಕುಗ್ಗುತ್ತದೆ. ರೂಪ ಬೇರೆ, ಉಪಾಯ ಅದೇ. 1953ರಲ್ಲಿ ಇಂತಹ ರೆಕ್ಕೆಯ ಪ್ರಯಾಣಿಕರ ನಾವೆ ಅದೇ ಮಜ್ಜೊರೆ ಸರೋವರದಲ್ಲಿ ಸಂಚಾರವನ್ನು ಆರಂಭಿಸಿತು.

ಇನ್ನು ಹಲಗೆಯ ಸವಾರರ ಕಡೆಗೆ ಬರೋಣ. 1990ರ ಸುಮಾರಿಗೆ ಅಮೆರಿಕದಲ್ಲಿ ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದು, ಕುರ್ಚಿಯಲ್ಲಿ ಕುಳಿತು ಸಾಗುವ ಹೈಡ್ರೊಫಾಯಿಲ್ ಆಟ ಹುಟ್ಟಿತು. ಈ ಶತಮಾನದ ಆರಂಭದಲ್ಲಿ ಹವಾಯಿಯ ಲೇರ್ಡ್ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಅಂತಹ ರೆಕ್ಕೆಯನ್ನು ಅಲೆಯ ಹಲಗೆಗೆ ಕಟ್ಟಿ, ಕಾಲಿಗೆ ಹಿಮದ ಹಲಗೆಯ ಬೂಟುಗಳನ್ನು ತೊಟ್ಟು ದೊಡ್ಡ ಅಲೆಗಳ ಮೇಲೆ ಓಡಿದರು. 2016ರಲ್ಲಿ ಅದೇ ದ್ವೀಪಗಳ ಕಾಯ್ ಲೆನ್ನಿ ಎಂಬ ತರುಣ ಹಗ್ಗ, ಹಾಯಿಗಳ ಹಂಗಿಲ್ಲದೆ, ಮಾವಿ ದ್ವೀಪದ ತೆರೆದ ಕಡಲಿನಲ್ಲಿ ಗಾಳಿ ಬೀಸುವ ದಿಕ್ಕಿಗೆ ಉಬ್ಬಿನಿಂದ ಉಬ್ಬಿಗೆ ಸಾಗಿದ ಚಿತ್ರ ಲೋಕದಲ್ಲೆಲ್ಲ ಹರಡಿತು. ಕೆಲವೇ ವರ್ಷಗಳಲ್ಲಿ, ಗಾಳಿ ತುಂಬಿದ ಹಗುರವಾದ ಹಾಯಿಯನ್ನು ಕೈಯಲ್ಲಿ ಹಿಡಿದು ಓಡುವ ಆಟವೂ ಬಂದಿತು.

ಈ ಹೊಸ ಹಲಗೆಗಳಲ್ಲಿ ಏಣಿಯೂ ಇಲ್ಲ, 'ವಿ'ಯೂ ಇಲ್ಲ ಎಂಬುದನ್ನು ಗಮನಿಸಿ. ಪೂರ್ತಿ ಮುಳುಗಿದ ಒಂಟಿ ರೆಕ್ಕೆ. ಸವಾರ ಮೈಯನ್ನು ಮುಂದಕ್ಕೂ ಹಿಂದಕ್ಕೂ ವಾಲಿಸಿ ರೆಕ್ಕೆಯ ಓರೆಯನ್ನು ಬದಲಿಸಬಲ್ಲ; ಅದರ ವಿಸ್ತೀರ್ಣವನ್ನು ಬದಲಿಸಲಾರ. ಫೊರ್ಲಾನಿನಿಯ ಏಣಿ ನೀರಿನಲ್ಲಿ ಮಾಡುತ್ತಿದ್ದ ಆಯ್ಕೆಯನ್ನು ಈತ ದಡದಲ್ಲಿಯೇ ಮಾಡಿ ಹೊರಡಬೇಕು. ಒಂದು ಲೆಕ್ಕ ನೋಡಿ. 1500 ಚದರ ಸೆಂಟಿಮೀಟರಿನ ರೆಕ್ಕೆ ಒಬ್ಬನನ್ನು ಗಂಟೆಗೆ 13 ಕಿಲೊಮೀಟರು ವೇಗದಲ್ಲಿ ಎತ್ತುವುದಾದರೆ, ಅದೇ ಆಕಾರದ 750 ಚದರ ಸೆಂಟಿಮೀಟರಿನ ರೆಕ್ಕೆ ಅವನನ್ನೇ ಎತ್ತಲು 18 ಕಿಲೊಮೀಟರಿಗೂ ಹೆಚ್ಚು ವೇಗ ಬೇಕು. ತೋಳಿನ ಬಲದಿಂದ ಹುಟ್ಟುಹಾಕಿ ಹೊರಡುವವನಿಗೆ ಈ ಅಂತರ ಅಲ್ಪವಲ್ಲ.

ವಿಸ್ತೀರ್ಣವಾಯಿತು, ಆಕಾರದ ಮಾತೇನು? ಇದಕ್ಕೆ ಉತ್ತರ ಆಕಾಶದ ಕಡೆಯಿಂದ ಬಂದಿತು. ರೈಟ್ ಸಹೋದರರ 1901ರ ಗ್ಲೈಡರಿನ ರೆಕ್ಕೆ 22 ಅಡಿ ಉದ್ದ, 7 ಅಡಿ ಅಗಲ; ಅದು ಅವರಿಗೆ ನಿರಾಶೆಯನ್ನೇ ತಂದಿತು. ಆ ವರ್ಷದ ಕೊನೆಯಲ್ಲಿ ಅವರು ಡೇಟನ್ ನಗರದ ತಮ್ಮ ಸೈಕಲ್ ಅಂಗಡಿಯಲ್ಲಿ ಗಾಳಿಪೆಟ್ಟಿಗೆಯೊಂದನ್ನು ಮಾಡಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1902ರ ಗ್ಲೈಡರಿನ ರೆಕ್ಕೆ 32 ಅಡಿ ಉದ್ದ, 5 ಅಡಿ ಅಗಲ. ವಿಸ್ತೀರ್ಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಈ ನೀಳ ರೆಕ್ಕೆ ಬಹಳ ಚೆನ್ನಾಗಿ ಜಾರಿತು. ಇದರ ಕಾರಣವನ್ನು ಗಟಿಂಗೆನ್ನಿನ ಲುಡ್ವಿಗ್ ಪ್ರಾಂಟ್ಲ್ 1918-19ರಲ್ಲಿ ಗಣಿತದಿಂದ ತೋರಿಸಿದರು. ರೆಕ್ಕೆಯ ತುದಿಗಳಲ್ಲಿ ಹುಟ್ಟುವ ಸುಳಿಗಳು ಶಕ್ತಿಯನ್ನು ನುಂಗುತ್ತವೆ. ರೆಕ್ಕೆ ನೀಳವಾದಷ್ಟೂ ಆ ನಷ್ಟ ಕಡಮೆ. ಉದ್ದದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಈ ನೀಳತನದ ಅಳತೆ ಸಿಕ್ಕುತ್ತದೆ. 100 ಸೆಂಟಿಮೀಟರು ಉದ್ದ, 1000 ಚದರ ಸೆಂಟಿಮೀಟರು ವಿಸ್ತೀರ್ಣವಿದ್ದರೆ ಅಳತೆ 10. 70 ಸೆಂಟಿಮೀಟರು ಉದ್ದ, 1225 ವಿಸ್ತೀರ್ಣವಿದ್ದರೆ 4.

ಹಾಗಾದರೆ ಎಲ್ಲರಿಗೂ ನೀಳ ರೆಕ್ಕೆಯೇ ಉತ್ತಮವಲ್ಲವೆ ಎಂದು ನೀವು ಕೇಳಬಹುದು. ಹಕ್ಕಿಗಳನ್ನು ನೋಡಿ. ಸಾಗರದ ಮೇಲೆ ದಿನಗಟ್ಟಲೆ ಜಾರುವ ಆಲ್ಬಟ್ರಾಸ್ ಹಕ್ಕಿಯ ರೆಕ್ಕೆ ಬಲು ನೀಳ. ಮರಗಳ ನಡುವೆ ನುಸುಳಿ ಬೇಟೆಯಾಡುವ ಬಿಜ್ಜಿನ ರೆಕ್ಕೆ ಗಿಡ್ಡ. ಕಡಲಿನ ಆಟದಲ್ಲಿಯೂ ಹಾಗೆಯೇ. ಒಡೆಯುವ ಅಲೆಯಲ್ಲಿ ಸವಾರಿ ಮಾಡುವವನಿಗೆ ಶಕ್ತಿಯನ್ನು ಅಲೆಯೇ ಕೊಡುತ್ತದೆ. ಅವನಿಗೆ ಬೇಕಾದುದು ಬೇಗ ತಿರುಗುವ ಗುಣ. ಉದ್ದ ಕಡಮೆಯಾದ ರೆಕ್ಕೆ ಅವನಿಗೆ ಒಪ್ಪುತ್ತದೆ. ತೆರೆದ ಕಡಲಿನಲ್ಲಿ ಗಾಳಿಯ ದಿಕ್ಕಿಗೆ ಹೋಗುವವನು ಒಂದು ಉಬ್ಬಿನಿಂದ ಇನ್ನೊಂದಕ್ಕೆ ಜಾರಿ ತಲುಪಬೇಕು. ಅಲ್ಲಿ ಪ್ರತಿಯೊಂದು ಸುಳಿಯ ನಷ್ಟವೂ ಲೆಕ್ಕಕ್ಕೆ ಬರುವುದರಿಂದ ನೀಳ ರೆಕ್ಕೆಯೇ ಸರಿ. ಕೈಹಾಯಿಯವನಿಗೆ ಗಾಳಿ ಎಳೆತವನ್ನು ಒದಗಿಸುವುದರಿಂದ ನಡುವಣದು ಸಾಕು: ಗಾಳಿ ಮಂದವಿದ್ದರೆ ದೊಡ್ಡದು, ಬಿರುಸಾದರೆ ಚಿಕ್ಕದು.

ಹೊಸಬರಾದರೊ, ದೊಡ್ಡದಾದ, ತುಸು ದಪ್ಪನಾದ, ಅಷ್ಟೇನೂ ನೀಳವಲ್ಲದ ರೆಕ್ಕೆಯಿಂದ ಆರಂಭಿಸುವುದು ಕ್ಷೇಮ. ಅದು ನಿಧಾನದಲ್ಲಿಯೇ ಏಳುತ್ತದೆ, ಸವಾರನ ತಪ್ಪುಗಳನ್ನು ಸಹಿಸುತ್ತದೆ. ತೆಳುವಾದ ಪಂದ್ಯದ ರೆಕ್ಕೆ ವೇಗ ತಗ್ಗಿದೊಡನೆ ಬಲವನ್ನು ಕಳೆದುಕೊಂಡು ಸವಾರನನ್ನು ಕೆಡವುತ್ತದೆ. ಕೆಳಗಿರುವುದು ಹರಿತವಾದ ಅಂಚಿನ ವಸ್ತು. ಅದರ ಮೇಲೆ ಬಿದ್ದರೆ ಗಾಯ ಚಿಕ್ಕದಾಗಿರುವುದಿಲ್ಲ. ತಲೆಗೆ ಶಿರಸ್ತ್ರಾಣ ಬೇಕು, ಸುತ್ತ ಈಜುವವರು ಇರಬಾರದು.

ನಮ್ಮ ಮೂಲ್ಕಿ, ಸಸಿಹಿತ್ಲುಗಳ ತೀರದಲ್ಲಿ ಅಲೆಸವಾರಿ ಈಗ ಪರಿಚಿತವಾದ ಆಟ. ನಾಳೆ ನಿಮ್ಮ ಮನೆಯ ಮಗನೋ ಮಗಳೋ ಇಂತಹ ರೆಕ್ಕೆಯೊಂದನ್ನು ಕೇಳಿದರೆ, ಎಲ್ಲಕ್ಕಿಂತ ವೇಗವಾದುದು ಯಾವುದೆಂದು ಅಂಗಡಿಯವನನ್ನು ವಿಚಾರಿಸಲು ಹೊರಡಬೇಡಿ. ಸವಾರನ ತೂಕವೆಷ್ಟು, ಎಂತಹ ನೀರು, ಅವನನ್ನು ಮುಂದಕ್ಕೆ ದೂಡುವುದು ಅಲೆಯೋ ಗಾಳಿಯೋ ತೋಳೋ ಎಂಬ ಮೂರು ಮಾತುಗಳನ್ನು ಮೊದಲು ಮನೆಯಲ್ಲಿಯೇ ಕುಳಿತು ಗೊತ್ತುಮಾಡಿಕೊಳ್ಳಿ. ಉಳಿದುದು ತಾನಾಗಿ ತಿಳಿಯುತ್ತದೆ.