ಯಾರೂ ಹಾರಿಸದ ವಿಮಾನವನ್ನು ಹಾರಿಸುವ ವಿದ್ಯೆ

ಹಳೆ ಮದ್ರಾಸ್ ರಸ್ತೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಯ ಕಡೆಗೆ ಹೋಗುವವರಿಗೆ ಸುರಂಜನ್ ದಾಸ್ ರಸ್ತೆ ಪರಿಚಿತವೇ. ಇಂದಿರಾನಗರ, ತಿಪ್ಪಸಂದ್ರದ ಜನರಿಗಂತೂ ಅದು ದಿನನಿತ್ಯದ ದಾರಿ. ಆದರೆ ಈ ದಾಸ್ ಯಾರು ಎಂದು ಕೇಳಿದರೆ ತಟ್ಟನೆ ಹೇಳುವವರು ಕಡಿಮೆ. ಅವರು ರಾಜಕಾರಣಿಯಲ್ಲ, ಕವಿಯೂ ಅಲ್ಲ. ಅದುವರೆಗೆ ಯಾರೂ ಹಾರಿಸದ ವಿಮಾನವನ್ನು ಮೊದಲು ಹಾರಿಸಿ, ಅದರ ಗುಣದೋಷಗಳನ್ನು ಹೇಳುವುದು ಅವರ ಕಸುಬಾಗಿತ್ತು.

ವಿಮಾನ ಚಾಲನೆಯ ವಿದ್ಯೆಗೆ ಹಲವು ಮೆಟ್ಟಿಲುಗಳಿವೆ. ಖಾಸಗಿ ಚಾಲಕನ ಪರವಾನಗಿ ಕೇವಲ ಹೊಸ್ತಿಲು. ನಮ್ಮ ದೇಶದಲ್ಲಿ ಅದಕ್ಕೆ 40 ಗಂಟೆಗಳ ಹಾರಾಟ ಸಾಕು. ಆದರೆ ಆ ಪರವಾನಗಿ ಹಿಡಿದು ಹಾರಿಸುವವನು ಸಂಬಳ ಪಡೆಯುವಂತಿಲ್ಲ. ಮೋಡ ಕವಿದು ನೆಲ ಕಾಣದಿರುವಾಗ ಉಪಕರಣಗಳನ್ನಷ್ಟೇ ನಂಬಿ ಹಾರಿಸಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಹೊಟ್ಟೆಪಾಡಿಗಾಗಿ ಹಾರಿಸಲು 200 ಗಂಟೆಗಳ ಅನುಭವದ ಮೇಲೆ ದೊರೆಯುವ ವಾಣಿಜ್ಯ ಪರವಾನಗಿ ಬೇಕು. ದೊಡ್ಡ ಪ್ರಯಾಣಿಕ ವಿಮಾನದ ನಾಯಕನಾಗಲು 1500 ಗಂಟೆಗಳು ತುಂಬಬೇಕು. ಜೊತೆಗೆ ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕ ರೇಟಿಂಗ್ ಬೇಕು. ವಾಯುಪಡೆಯ ಮೆಟ್ಟಿಲುಗಳು ಬೇರೆ. ಆದರೂ ಎರಡೂ ಕಡೆ ಚಾಲಕ ಕಲಿಯುವುದು ಬಹುತೇಕ ಒಂದನ್ನೇ: ಆಗಲೇ ಪರೀಕ್ಷಿಸಿ, ಕೈಪಿಡಿ ಬರೆದಿಟ್ಟ ವಿಮಾನವನ್ನು ಸರಿಯಾಗಿ ಹಾರಿಸುವುದು. ಹಾಗಾದರೆ ಆ ಕೈಪಿಡಿ ಬರೆಯಲು ಬೇಕಾದ ಅನುಭವ ಎಲ್ಲಿಂದ ಬರಬೇಕು? ಅಲ್ಲಿಂದ ಆರಂಭವಾಗುತ್ತದೆ ಪರೀಕ್ಷಾ ಚಾಲಕನ ಕೆಲಸ.

ಎರಡನೇ ಮಹಾಯುದ್ಧದವರೆಗೆ ಈ ಕೆಲಸಕ್ಕೆ ಧೈರ್ಯ ಮತ್ತು ಕೈಚಳಕ ಸಾಕೆಂಬ ಭಾವನೆಯಿತ್ತು. ಹೊಸ ವಿಮಾನಗಳ ಪರೀಕ್ಷೆಯಲ್ಲಿ ಸಾಲುಸಾಲಾಗಿ ಚಾಲಕರು ಸತ್ತಾಗ ಬ್ರಿಟನ್ ಎಚ್ಚೆತ್ತಿತು. 1943ರಲ್ಲಿ ಬಾಸ್ಕಂಬ್ ಡೌನ್‌ನಲ್ಲಿ ಪರೀಕ್ಷಾ ಚಾಲಕರಿಗೆಂದೇ ಶಾಲೆ ತೆರೆಯಿತು. ಮುಂದೆ ಅದಕ್ಕೆ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್ ಎಂದು ಹೆಸರಾಯಿತು. ಸುರಂಜನ್ ದಾಸ್ ತರಬೇತಿ ಪಡೆದದ್ದು ಇದೇ ಶಾಲೆಯಲ್ಲಿ.

ಅಂಥವರು ಬೇಕಾದ ಊರಾಗಿ ಬೆಂಗಳೂರು ಅಷ್ಟರಲ್ಲಿ ಬೆಳೆಯತೊಡಗಿತ್ತು. ಹಲಸೂರಿನಾಚೆ ಊರಿನ ಪೂರ್ವದ ಬಯಲಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುಗಾರಿಕೆಯೊಡನೆ 1940ರಲ್ಲಿ ವಿಮಾನ ಕಾರ್ಖಾನೆ ಕಟ್ಟಿದ್ದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದ. ವಿ.ಎಂ. ಘಾಟಗೆ ಅವರ ಮುಂದಾಳ್ತನದಲ್ಲಿ ವಿನ್ಯಾಸಗೊಂಡ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಇಲ್ಲಿಂದಲೇ ಹಾರಿತು. ಅದರ ಚಾಲಕ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ.

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ತಂಡ ರೂಪಿಸಿದ ಯುದ್ಧವಿಮಾನವೇ ಎಚ್‌ಎಫ್-24 ಮಾರುತ್. ಎಂಜಿನ್ ಜೋಡಿಸುವ ಮುನ್ನ ಅದರ ಆಕಾರವನ್ನೇ ಹೋಲುವ, ಪೂರ್ಣ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಲಾಯಿತು. 1959ರಲ್ಲಿ ಡಕೋಟ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು ಬಿಟ್ಟರೆ, ಎಂಜಿನ್ ಇಲ್ಲದ ಆ ಮರದ ಹಕ್ಕಿಯನ್ನು ದಾಸ್ ಕೆಳಗಿಳಿಸುತ್ತಿದ್ದರು. ಹೀಗೆ ಹತ್ತಾರು ಹಾರಾಟಗಳು ನಡೆದ ಮೇಲೆ, 1961ರ ಜೂನ್ 17ರಂದು ನಿಜವಾದ ಮಾರುತ್ ಅವರ ಕೈಯಲ್ಲಿ ಗಗನಕ್ಕೇರಿತು. 1964ರಲ್ಲಿ ಕಿರಣ್ ತರಬೇತಿ ಜೆಟ್‌ನ ಮೊದಲ ಹಾರಾಟವೂ ಅವರದೇ.

1970ರ ಜನವರಿ 10ರಂದು ಮಾರುತ್‌ನ ಸುಧಾರಿತ ಮಾದರಿಯೊಂದರ ಪರೀಕ್ಷೆಗೆ ಹೊರಟ ದಾಸ್ ಅಪಘಾತದಲ್ಲಿ ಮಡಿದರು. ಊರು ಒಂದು ರಸ್ತೆಗೆ ಅವರ ಹೆಸರಿಟ್ಟಿತು. ಆದರೆ ದಾಸ್ ಅವರಂಥವರನ್ನು ತಯಾರು ಮಾಡಲು ಪ್ರತಿ ಸಲವೂ ಇಂಗ್ಲೆಂಡಿಗೋ ಫ್ರಾನ್ಸಿಗೋ ಕಳುಹಿಸಬೇಕೆ ಎಂಬ ಪ್ರಶ್ನೆ ಉಳಿದೇ ಇತ್ತು. ಕಾನ್ಪುರದಲ್ಲಿದ್ದ ವಾಯುಪಡೆಯ ಪರೀಕ್ಷಾ ಘಟಕ ಬೆಂಗಳೂರಿಗೆ ಬಂದು ಎಎಸ್‌ಟಿಇ ಎಂಬ ಹೊಸ ಹೆಸರು ಪಡೆಯಿತು. ಅದರ ಆಶ್ರಯದಲ್ಲಿ 1973ರಲ್ಲಿ ಪರೀಕ್ಷಾ ಚಾಲಕರ ಶಾಲೆ ಆರಂಭವಾಯಿತು. ಪ್ರಪಂಚದಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟೇ.

ಸುಮಾರು ಒಂದು ವರ್ಷದ ಈ ತರಬೇತಿಗೆ ಬರುವವರು ಆಗಲೇ ನುರಿತ ಚಾಲಕರು. ಅವರು ಮತ್ತೆ ವಿದ್ಯಾರ್ಥಿಗಳಾಗಿ ಗಣಿತ, ವಾಯುಬಲ ವಿಜ್ಞಾನ ಓದುತ್ತಾರೆ. ಪರೀಕ್ಷಾ ಎಂಜಿನಿಯರುಗಳ ಜೊತೆ ಕೂತು ಕಲಿಯುತ್ತಾರೆ. ಬಗೆಬಗೆಯ ವಿಮಾನಗಳನ್ನು ಹಾರಿಸಿ ವರದಿ ಬರೆಯುತ್ತಾರೆ. ಈ ಕಸುಬಿನಲ್ಲಿ ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಕೂಪರ್–ಹಾರ್ಪರ್ ಅಳತೆಗೋಲಿನಲ್ಲಿ ವಿಮಾನಕ್ಕೆ 1ರಿಂದ 10ರವರೆಗೆ ಅಂಕ ಕೊಡಬೇಕು. 1 ಎಂದರೆ ಅತ್ಯುತ್ತಮ, 10 ಎಂದರೆ ಹತೋಟಿಗೆ ಸಿಗದ್ದು. ಅಲ್ಲಿಯವರೆಗೆ ತಾನು ರೇಟಿಂಗ್ ಪಡೆಯುತ್ತಿದ್ದ ಚಾಲಕ ಇಲ್ಲಿ ವಿಮಾನಕ್ಕೇ ರೇಟಿಂಗ್ ಕೊಡುತ್ತಾನೆ! ವಿಮಾನ ತನ್ನ ಕೌಶಲದಿಂದ ಚೆನ್ನಾಗಿ ಹಾರಿತೋ, ತನ್ನ ಗುಣದಿಂದಲೇ ಹಾರಿತೋ ಎಂಬುದನ್ನು ಅವನು ಬೇರ್ಪಡಿಸಿ ಹೇಳಬೇಕು. ದೋಷವನ್ನು ಕೈಚಳಕದಿಂದ ಮುಚ್ಚಿದರೆ, ಮುಂದೊಂದು ದಿನ ಅದೇ ವಿಮಾನ ಹತ್ತುವ ಎಳೆಯ ಚಾಲಕನ ಜೀವಕ್ಕೇ ಸಂಚಕಾರ.

ಈ ವಿದ್ಯೆಯ ಫಲ 2001ರ ಜನವರಿ 4ರಂದು ಮತ್ತೆ ಕಂಡಿತು. ಮಾರುತ್ ಹಾರಿದ ನಾಲ್ಕು ದಶಕಗಳ ಬಳಿಕ, ಮುಂದೆ ತೇಜಸ್ ಎನಿಸಿಕೊಂಡ ಹಗುರ ಯುದ್ಧವಿಮಾನವನ್ನು ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿಸಿದರು. ಗಗನಯಾನಕ್ಕೆ ಆಯ್ಕೆಯಾಗಿ 2024ರ ಫೆಬ್ರುವರಿಯಲ್ಲಿ ಹೆಸರು ಪ್ರಕಟವಾದ ನಾಲ್ವರೂ ವಾಯುಪಡೆಯ ಪರೀಕ್ಷಾ ಚಾಲಕರೇ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮುಟ್ಟಿದರು.

ಆದರೆ ಶಾಲೆ ಬಂದಿತೆಂದು ಅಪಾಯ ತಪ್ಪಲಿಲ್ಲ. 2019ರ ಫೆಬ್ರುವರಿ 1ರಂದು ಮಿರಾಜ್ 2000 ವಿಮಾನದ ಪರೀಕ್ಷಾ ಹಾರಾಟಕ್ಕೆ ಹೊರಟ ಎಎಸ್‌ಟಿಇಯ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ಅದೇ ನಿಲ್ದಾಣದಲ್ಲಿ ಪ್ರಾಣ ತೆತ್ತರು. ಪ್ರಯಾಣಿಕ ವಿಮಾನಗಳ ನಿತ್ಯ ಸಂಚಾರ 2008ರಲ್ಲಿ ದೇವನಹಳ್ಳಿಗೆ ಹೋದರೂ, ಪರೀಕ್ಷಾ ಹಾರಾಟಗಳು ಇಲ್ಲಿ ನಿಂತಿಲ್ಲ. ಸುರಂಜನ್ ದಾಸ್ ರಸ್ತೆಯಲ್ಲಿ ನಿಂತವರ ತಲೆಯ ಮೇಲೆ ಯುದ್ಧವಿಮಾನವೊಂದು ಗುಡುಗಿ ಹೋದರೆ, ಅದರೊಳಗೆ ಆ ಹೆಸರಿನ ವಾರಸುದಾರರೊಬ್ಬರು ಕುಳಿತಿರಬಹುದು.